ಕೆಪಾಸಿಟರ್

ಕರೆಂಟ್ ಬಂದದ. ಗುಂಯ್ ಅಂತದ. ತಿರುಗಂಗಿಲ್ಲ.
ಇಂಥವು ನಮ್ಮ ಅಂಗಡಿಗೆ
ಬ್ಯಾಸಗ್ಯಾಗ ದಿನಕ್ಕ ನಾಕು ಬರ್ತಾವ,
ಕೂಲರಿಂದು, ನೀರೆತ್ತೋದು, ಖಾನಾವಳಿ ರುಬ್ಬೋದು ಒಂದು.
ತಂದವರು ಅಂತಾರ: ಸುಟ್ಟದ ನೋಡ್ರಿ.
ಮೈನುದ್ದೀನ್ ಉಸ್ತಾದ್ ಮಾತಾಡಂಗಿಲ್ಲ.
ಟೆಸ್ಟರಿನ ಹಿಡಿಕಿಯಿಂದ ರೆಕ್ಕಿಗೆ ಒಂದು ತಾಕು,
ಇಷ್ಟೇ,
ಗರ್ರ್ ಅಂತ ಎದ್ದು ಓಡ್ತದ.
ವೈಂಡಿಂಗ್ ಚಲೋ ಅದ, ಅಂತಾನ.
ಹೋಗ್ಯಾದದ್ದು ಕೆಪಾಸಿಟರ್.

ನನಗೂ ಹಂಗೇ ಆಗ್ಯಾದ ಅಂದ್ರ
ಮನಿಯಾಗ ಯಾರೂ ನಂಬಲಿಲ್ಲ.
ಮೊದಲು ದನಿಗೋಳು ಬರ್ತಿದ್ದವು, ಅವಕ್ಕ ಗುಳಗಿ ಸಿಕ್ಕಿತು.
ದನಿ ಹ್ವಾದ ಮ್ಯಾಲ ಉಳದದ್ದು ಬ್ಯಾರೆ.
ಗ್ವಾಡಿ ಕಡಿ ಮಾರಿ ಮಾಡಿ ಎರಡು ವರ್ಷ.
ನೀರಿನ ಚರಿಗಿ ಕೈಯಳತಿಯಾಗ ಅದ.
ಬಾಯಿ ಒಣಗಿದ್ದು ಗೊತ್ತು, ಕುಡೀಬೇಕಂತ ಗೊತ್ತು,
ಕೈ ಮಾತ್ರ ಯಾರದೋ.
ಉಂಡು ಉಂಡು ಮೈಗಳ್ಳ ಆಗ್ಯಾನ, ಅಂದ ಅಣ್ಣ.
ಒಂದು ಲಗ್ನ ಮಾಡ್ರಿ, ಎದ್ದು ಕೂಡ್ತಾನ, ಅಂದಳು ಸೋದರತ್ತಿ.
ಒಳಗಿನ ಗುಂಯ್ ಅವರಿಗೆ ಹ್ಯಾಂಗ ಕೇಳಬೇಕು?

ಜಿಲ್ಲಾ ಆಸ್ಪತ್ರಿ ಎಸ್ತೇರಮ್ಮ ಸಿಸ್ಟರ್
ನನ್ನ ಫೋನಿನಾಗ ಏನೋ ಕೂಡಿಸಿ ಕೊಟ್ಟರು.
ಮುಂಜಾನಿ ಎಂಟಕ್ಕ ಬಂತು ಮೊದಲನೇ ಸಂದೇಶ:
“ಇಂದು ತಾವು ಯಾವ ಗುರಿಯನ್ನು ಸಾಧಿಸಲು ಇಚ್ಛಿಸುವಿರಿ?”
ಯಾದಗಿರಿಯಾಗ ಹಿಂಗ ಮಾತಾಡಿದರ
ಆಟೋದವ ಸೈತ ನಿಲ್ಲಂಗಿಲ್ಲ.
ನಗಿ ಬಂತು. ಅದರ ಹಿಂದೇ ಅಂಜಿಕಿ ಬಂತು.
ದನಿ ಹ್ವಾದವು ಅನ್ನೂದರಾಗ
ಕಿಸೆದಾಗ ಇನ್ನೊಂದು ತಂದು ಇಟ್ಟರಲ್ಲ?
ಫೋನು ಜ್ವಾಳದ ಡಬ್ಬಿಯಾಗ ಹುಗದೆ.
ಮೂರು ದಿನ ಜ್ವಾಳ ಗುಂಯ್‌ಗುಟ್ಟಿತು.
ನಾಕನೇ ದಿನ ಹಸನ ಮಾಡಾಕ ಅಂತ ಕೈ ಹಾಕಿ
ಅವ್ವ ಚಿಟ್ಟನೆ ಚೀರಿದಳು.

ಸಿಸ್ಟರ್ ಸಿಟ್ಟಾಗಲಿಲ್ಲ.
ಮೋಟರ್ ಬಿಚ್ಚಿದಂಗ ಬಿಚ್ಚಿ ತೋರಿಸಿದರು:
ಇಲ್ಲಿ ಒತ್ತಿದರ ಸುಮ್ಮನಾಗ್ತದ,
ಇಲ್ಲಿ ಒತ್ತಿದರ ಅಳಿಸಿ ಹೋಗ್ತದ.
ಆ ದನಿಗೋಳಿಗೆ ಇಂಥ ಗುಂಡಿ ಇತ್ತೇನು ಸಾಬಣ್ಣ?
ಇರಲಿಲ್ಲ.
ಹಂಗಾದರ ಇದಕ್ಕ ಏನು ಹೇಳಬೇಕಂತ ನೀನೇ ಬರಿ.

ಬರದೆ.

ಚರಿಗಿ ಹಿಡಿ.
ಕುಡಿ.
ಎಡಗಾಲು ಕೆಳಗ.
ಚಪ್ಪಲಿ ಬಾಗಿಲ ಹಿಂದ ಅವ, ಹುಡುಕಬ್ಯಾಡ.
ಲೈಟಿನ ಕಂಬದ ತನಕ ಹೋಗು. ಸಾಕು.

ಸಾಕು ಅಂತ ನನಗ
ಆ ತನಕ ಯಾರೂ ಅಂದಿರಲಿಲ್ಲ.

ಕಂಬ ಮುಟ್ಟಿ ಫೋಟೋ ಕಳಿಸಬೇಕು.
ಆ ಕಡಿಯಿಂದ ಸಿಸ್ಟರ್‌ದು ಒಂದು ಹೆಬ್ಬೆಟ್ಟು ಬರ್ತದ,
ಒಂದೊಂದು ದಿನ ಸಂಜೀಕ, ಒಂದೊಂದು ದಿನ ಇಲ್ಲ.
ಫೋನಿನಾಗ ನಲವತ್ತೊಂದು ಸಲ ಅದೇ ಕಂಬ ಅದ,
ಒಂದರಾಗ ಯಾರದೋ ಆಡಿನ ಬಾಲ,
ಒಂದರಾಗ ನನ್ನ ನೆರಳು, ಟೋಪಿಗಿ ಹಾಕ್ಕೊಂಡದ್ದು.
ರೀಚಾರ್ಜ್ ತೀರಿದ ವಾರ ಕಂಬ ಇಲ್ಲ.
ಆ ವಾರದ್ದು ಏನೂ ಇಲ್ಲ.
ಬಿಸಿಲು ಗ್ವಾಡಿ ಮ್ಯಾಲ ಏರಿತು, ಇಳೀತು,
ಸ್ಟೇಷನ್ ಕಡಿ ಗಾಡಿಗೋಳು ಕೂಗಿ ಹ್ವಾದವು.
ಅಣ್ಣನ ಕೈಲೆ ಹಾಕಿಸಿದಳು ಅವ್ವ, ತನ್ನ ಪಿಂಚಣಿ ರೊಕ್ಕದಾಗ.
ಅಂವ ಏನೂ ಅನ್ನಲಿಲ್ಲ. ಚರಿಗಿ ಮಾತ್ರ
ಒಂದು ಗೇಣು ಈ ಕಡಿ ಸರಿಸಿ ಹ್ವಾದ.

ಈಗ ವಾರಕ್ಕ ಮೂರು ದಿನ ಅಂಗಡಿ.
ಕೆಲವು ದಿನ ನೂರು ಸುತ್ತು ತಂತಿ ಸುತ್ತಿ ಕೂತಲ್ಲೇ ಕೂಡ್ತೀನಿ.
ಉಸ್ತಾದ್ ಲೆಕ್ಕ ಕೇಳಂಗಿಲ್ಲ.
ನಿನ್ನೆ ಒಬ್ಬಾಕಿ ಕೂಲರ್ ಮೋಟರ್ ತಂದಳು,
ಗುಜರಿಗೆ ಹಾಕೋದೇನ್ರಿ ಇದನ್ನ, ಅಂದಳು.
ಇರ್ರಿ, ಅಂದೆ. ವಾಯರ್ ಕೊಟ್ಟೆ. ಕಿವಿ ಹಚ್ಚಿದೆ.
ಗುಂಯ್ ಅಂತು.
ಅದೇ ಹೊತ್ತಿಗೆ ಕಿಸೆದಾಗ ಫೋನು,
ನೀರು ಕುಡೀಬೇಕಾದ ಯಾಳ್ಯಾ ಅದು,
ಯಾವುದರ ಗುಂಯ್ ಯಾವುದು ಅಂತ
ಒಂದು ಗಳಿಗಿ ತಿಳೀಲಿಲ್ಲ.